ಹೂದೋಟದ ಕಾಯಕ
(ಮಹೋತ್ಸವದ ಸಭೆಯಲ್ಲಿ ಓದಲಾದ ಉಪನ್ಯಾಸ)



ಲಿಂಗಪೂಜೆಗೆ ಕುಳಿತ ಭಕ್ತನ ಮುಂದೆ ಜಲ, ವಿಭೂತಿ, ಪತ್ರೆ, ಪುಷ್ಪಗಳು ಇರುವವು. ಜಲವು ಬಾವಿಯಿಂದ ಬಂದಿತು. ಪತ್ರೆಯು ಹಿತ್ತಿಲಿನ ಬಿಲ್ವವೃಕ್ಷದಿಂದ ಬಂದಿತು. ಪುಷ್ಪವು ಎಲ್ಲಿಂದ ಬಂದಿತೆಂದು ಕೇಳಿದರೆ 'ಪೇಟೆಯಿಂದ' ಎಂಬ ಉತ್ತರವು ಬರುವದು. ಪೇಟೆಗೆ ಅದು ಎಲ್ಲಿಂದ ಬಂದಿತು, ಅದನ್ನು ಬೆಳೆದವರು ಯಾರು, ಅವರ ಮನೆಯ ಒಲೆ ಹೇಗೆ ಉರಿಯುತ್ತಿದೆ ಎಂದು ಮುಂದೆ ವಿಚಾರಿಸುವವರು ವಿರಳ. ಹೂವಿನೊಡನೆ ನಾರೂ ಸ್ವರ್ಗ ಸೇರಿತೆಂಬ ಗಾದೆಯುಂಟು. ನಾರಿಗೆ ದೊರೆತ ಆ ಮನ್ನಣೆಯು ಹೂವನ್ನು ಬೆಳೆದವನಿಗೆ ದೊರೆತದ್ದು ಕಡಿಮೆಯೆಂದೇ ಹೇಳಬೇಕು. ಕಾಯಕವನ್ನೇ ಪೂಜೆಯೆಂದು ಬಗೆದ ಶರಣರು ಮಾತ್ರ ಅವನನ್ನು ಮರೆಯಲಿಲ್ಲ. ಹೂಗಾರ ಮಾದಯ್ಯನ ಹೆಸರು ಶರಣರ ಗಣದಲ್ಲಿ ಆದರದಿಂದ ನೆನೆಯಲ್ಪಡುತ್ತಿರುವದೇ ಇದಕ್ಕೆ ಸಾಕ್ಷಿ. ಹಳ್ಳಿಗಳಲ್ಲಿ ಹೂಗಾರರ ಮನೆತನದವರು ಮನೆಮನೆಗೆ ಹೂವು ಪತ್ರೆಗಳನ್ನು ಮುಟ್ಟಿಸಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಧಾನ್ಯದ ಆಯವನ್ನು ಪಡೆಯುವ ಪದ್ಧತಿಯಿತ್ತು. ಆ ಪದ್ಧತಿಯು ಈಗ ಬಹುತರವಾಗಿ ಅಳಿದು, ಹೂವು ರೊಕ್ಕದ ವ್ಯಾಪಾರವಾಗಿದೆ. ವ್ಯಾಪಾರವಾದ ಮೇಲೆ ಅದಕ್ಕೆ ಲೆಕ್ಕವು ಬೇಕು. ಆ ಲೆಕ್ಕವೇ ಈ ಉಪನ್ಯಾಸದ ವಿಷಯ.

ರಾಯಚೂರು, ಮಾನವಿ, ದೇವದುರ್ಗಗಳ ಸೀಮೆಯು ಜೋಳ, ಹತ್ತಿ, ತೊಗರಿ, ಭತ್ತಗಳ ನಾಡೆಂದು ಪ್ರಸಿದ್ಧವಾಗಿದೆ. ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವ ಈ ಬಿಸಿಲುನಾಡಿನಲ್ಲಿ ಹೂವಿನ ಉದ್ಯೋಗವೆಲ್ಲಿಂದ ಸಾಧ್ಯ, ಅದು ಬೆಂಗಳೂರಿನವರಿಗೆ ತಕ್ಕದ್ದು ಎಂದು ಅನೇಕರ ಅಭಿಪ್ರಾಯ. ಇತಿಹಾಸವು ಹೀಗೆ ಹೇಳುವದಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಆ ಪಟ್ಟಣದಲ್ಲಿ ಎಲ್ಲೆಲ್ಲಿಯೂ ಗುಲಾಬಿಯು ಮಾರಲ್ಪಡುತ್ತಿದ್ದುದನ್ನು ಕಂಡು, ಅಲ್ಲಿಯ ಜನರಿಗೆ ಹೂವು ಅನ್ನದಷ್ಟೇ ಅವಶ್ಯವಾಗಿತ್ತೆಂಬ ಅಭಿಪ್ರಾಯವನ್ನು ಬರೆದಿಟ್ಟಿರುವನು. ಆ ಪಟ್ಟಣವಿದ್ದುದು ಇದೇ ತುಂಗಭದ್ರೆಯ ದಂಡೆಯ ಮೇಲೆ, ಇದೇ ಬಿಸಿಲಿನಲ್ಲಿ. ಅದೇ ನದಿಯ ಮೇಲ್ಭಾಗದ ಹೂವಿನ ಹಡಗಲಿಯಿಂದ ಹಂಪೆಯ ಗುಡಿಗಳಿಗೆ ಹೂವು ಹೋಗುತ್ತಿತ್ತೆಂದು ಐತಿಹ್ಯವಿದೆ. ಊರಿನ ಹೆಸರೇ ಅದನ್ನು ಹೇಳುವದು. ಹಡಗಲಿಯ ಮಲ್ಲಿಗೆಯು ಇಂದು ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳಂತೆ ಭೌಗೋಲಿಕ ಗುರುತಿನ ಮಾನ್ಯತೆಯನ್ನು ಪಡೆದಿದೆ. ಆದುದರಿಂದ ಹೂವು ಈ ನಾಡಿಗೆ ಪರಕೀಯವಾದ ಬೆಳೆಯಲ್ಲ. ಈ ನಾಡಿಗೆ ಒಗ್ಗದ ಹೂವನ್ನು ಬೆಳೆಯಹೋಗಿ, ಇಲ್ಲದ ನೀರನ್ನು ನಂಬಿ, ತಪ್ಪಿದ ದಿನಕ್ಕೆ ಪೇಟೆಗೆ ಒಯ್ಯುವದರಿಂದಲೇ ಹಾನಿಯುಂಟಾಗುವದು. ನೀರು, ದಿನ, ದುಡ್ಡು ಈ ಮೂರರ ಲೆಕ್ಕವನ್ನು ಬಲ್ಲವನಿಗೆ ಹತ್ತು ಗುಂಟೆಯ ತೋಟವು ಆಧಾರವಾಗುವದು. ಅರಿಯದವನಿಗೆ ಹತ್ತು ಎಕರೆಯೂ ಸಾಲದು.

ಮೊದಲು ನೀರನ್ನು ವಿಚಾರಿಸೋಣವಾಗಲಿ. ಕೃಷ್ಣಾ ತುಂಗಭದ್ರೆಗಳ ನಡುವೆ ಇದ್ದರೂ ಈ ಸೀಮೆಗೆ ಬೀಳುವ ಮಳೆಯು ವರುಷಕ್ಕೆ ಸುಮಾರು 600ರಿಂದ 700 ಮಿಲಿಮೀಟರು ಮಾತ್ರ. ಅದೂ ಬಹುಪಾಲು ನಾಲ್ಕೈದು ತಿಂಗಳಲ್ಲಿಯೇ ಮುಗಿಯುವದು. 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯು ಮಾನವಿ, ರಾಯಚೂರುಗಳಿಗೆ ನೀರನ್ನು ತಂದಿತು. 1982ರಲ್ಲಿ ಸಿದ್ಧವಾದ ನಾರಾಯಣಪುರದ ಬಸವಸಾಗರದಿಂದ ಹೊರಟ ಬಲದಂಡೆಯ ಕಾಲುವೆಯು ದೇವದುರ್ಗದ ಕಡೆಗೆ ಬಂದಿತು. ಇವು ಈ ನಾಡಿನ ಭಾಗ್ಯಗಳೆಂಬದರಲ್ಲಿ ಸಂಶಯವಿಲ್ಲ. ಆದರೆ ತುಂಗಭದ್ರಾ ಜಲಾಶಯವು ಕಟ್ಟಿದಾಗ ಸುಮಾರು 133 ಟಿಎಂಸಿ ನೀರನ್ನು ಹಿಡಿಯುತ್ತಿದ್ದದ್ದು ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಮಾನವಿ, ರಾಯಚೂರುಗಳು ಕಾಲುವೆಯ ಕೊನೆಯ ಭಾಗದಲ್ಲಿರುವದರಿಂದ ಮೇಲಿನವರು ಭತ್ತಕ್ಕೆ ನೀರು ಹಾಯಿಸಿ ಉಳಿದದ್ದೇ ಇವರ ಪಾಲು. 2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂಡಿಸುವವರೆಗೆ, ನಾಲ್ಕು ಜಿಲ್ಲೆಗಳ ಒಕ್ಕಲಿಗರು ಕೈಯಲ್ಲಿ ಜೀವ ಹಿಡಿದು ಕುಳಿತಿದ್ದರು. ಭತ್ತದ ಬೆಳೆಯು ಒಂದು ಹಂಗಾಮು ಹೋದರೆ ಇನ್ನೊಂದು ಹಂಗಾಮಿಗೆ ಬರಬಹುದು. ಮೂರು ವರುಷ ನಿಲ್ಲಬೇಕಾದ ಹೂವಿನ ಗಿಡವು ವೈಶಾಖದ ಹದಿನೈದು ದಿನ ನೀರಿಲ್ಲದೆ ಬಿದ್ದರೆ ಬಂಡವಾಳವೇ ಒಣಗಿತೆಂದು ತಿಳಿಯತಕ್ಕದ್ದು.

ಆದುದರಿಂದ ಶ್ರಾವಣದ ಬಾವಿಯನ್ನು ನೋಡಿ ತೋಟ ಹಾಕಬಾರದು. ವೈಶಾಖದ ಬಾವಿಯನ್ನು ನೋಡಿ ಹಾಕಬೇಕು. ಇದರ ಗಣಿತವು ಬಹಳ ಸುಲಭ. ಒಂದು ಗುಂಟೆಯೆಂದರೆ ಸುಮಾರು 100 ಚದರ ಮೀಟರು. ಅದರ ಮೇಲೆ ಒಂದು ಮಿಲಿಮೀಟರು ನೀರು ನಿಲ್ಲಬೇಕಾದರೆ 100 ಲೀಟರು ಬೇಕು. ಬಿರುಬಿಸಿಲಿನ ದಿನದಲ್ಲಿ ಹೂವಿನ ಮಡಿಯು 5 ಮಿಲಿಮೀಟರು ನೀರನ್ನು ಕುಡಿಯುವದೆಂದು ಹಿಡಿದರೆ, ಹತ್ತು ಗುಂಟೆಗೆ ದಿನಕ್ಕೆ 5,000 ಲೀಟರು ಆಯಿತು. ಗಂಟೆಗೆ 2,000 ಲೀಟರು ಎತ್ತುವ ಕೊಳವೆ ಬಾವಿಯಾದರೆ ಎರಡೂವರೆ ಗಂಟೆ ನಡೆಯಬೇಕು. ವೈಶಾಖದಲ್ಲಿ ಅದು ಒಂದೇ ಗಂಟೆ ನಡೆದು ನಿಲ್ಲುವದಾದರೆ, ಆ ಬಾವಿಗೆ ತಕ್ಕ ತೋಟವು ಹತ್ತು ಗುಂಟೆಯದಲ್ಲ, ನಾಲ್ಕು ಗುಂಟೆಯದು. ಹನಿ ನೀರಾವರಿಯನ್ನು ಹಾಕಿ, ಮಡಿಗಳಿಗೆ ಜೋಳದ ಕಣಿಕೆಯನ್ನೋ ಭತ್ತದ ಹುಲ್ಲನ್ನೋ ಹೊದಿಸಿದರೆ ನೀರು ಗಾಳಿಗೆ ಹಾರಿಹೋಗುವದು ಕಡಿಮೆಯಾಗುವದು. ಕಾಲುವೆಯ ನೀರು ಬಂದಾಗ ಕೃಷಿಹೊಂಡವನ್ನು ತುಂಬಿಸಿಕೊಳ್ಳುವದು ಬುದ್ಧಿವಂತನ ಕೆಲಸ. ನೀರಿನ ಲೆಕ್ಕಕ್ಕಿಂತ ದೊಡ್ಡದಾದ ತೋಟವು ಸಾಲದ ತೋಟ.

ಇನ್ನು ನೆಲದ ವಿಷಯ. ಈ ಸೀಮೆಯಲ್ಲಿ ಎರೆ, ಮಸಾರಿಗಳೆರಡೂ ಇರುವವು. ಎರೆಭೂಮಿಯು ನೀರನ್ನು ಬಹಳ ದಿನ ಹಿಡಿದಿಡುವದು, ಬೇಸಿಗೆಯಲ್ಲಿ ಬಿರಿಯುವದು. ಸೇವಂತಿಗೆಯಂಥ ಗಿಡಗಳ ಬೇರು ಅಲ್ಲಿ ನೀರು ನಿಂತರೆ ಕೊಳೆಯುವದರಿಂದ ಏರುಮಡಿಗಳನ್ನು ಕಟ್ಟಿ, ನೀರು ಹರಿದುಹೋಗಲು ಕಾಲುವೆ ತೆಗೆಯಲೇಬೇಕು. ಭತ್ತಕ್ಕೆ ವರುಷಗಟ್ಟಲೆ ನೀರು ನಿಲ್ಲಿಸಿದ ಕಡೆಗಳಲ್ಲಿ ಭೂಮಿಯು ಸವಳಾಗಿರುವದುಂಟು. ಗುಲಾಬಿಯು ಸವಳನ್ನು ಸಹಿಸದು. ಮಸಾರಿಯು ನೀರನ್ನು ಬೇಗ ಬಿಡುವದು, ಗೊಬ್ಬರವನ್ನು ಹೆಚ್ಚು ಕೇಳುವದು. ಆದರೆ ಮಲ್ಲಿಗೆಗೂ ಅಗಿಮಡಿಗೂ ಅದು ಬಹಳ ಹಿತಕರ. ಗಿಡ ತರುವದಕ್ಕಿಂತ ಮುಂಚೆ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆಗೆ ಕೊಡಬೇಕು. ರಾಯಚೂರಿನಲ್ಲಿಯೇ ಕೃಷಿ ವಿಶ್ವವಿದ್ಯಾಲಯವಿರುವಾಗ ಇದಕ್ಕಾಗಿ ದೂರ ಹೋಗುವ ಕಾರಣವಿಲ್ಲ.

ಯಾವ ಹೂವನ್ನು ಬೆಳೆಯಬೇಕು? ಪೇಟೆಯ ಗಾಜಿನ ಅಂಗಡಿಯಲ್ಲಿ ಜರ್ಬೆರಾ, ಕಾರ್ನೇಷನ್‌ಗಳನ್ನು ನೋಡಿ ಮರುಳಾಗುವ ತರುಣರು ಬಹಳ. ಅವು ತಂಪು ಹವೆಯ ಹೂವುಗಳು. ಈ ಬಿಸಿಲಿನಲ್ಲಿ ಅವನ್ನು ಸಾಕಬೇಕಾದರೆ ಪಾಲಿಹೌಸು, ಅದರೊಳಗೆ ತಂಪು ಮಾಡುವ ಯಂತ್ರ, ಎಂದೂ ಕೈಕೊಡದ ವಿದ್ಯುತ್ತು ಬೇಕು. ಸಣ್ಣ ಬಂಡವಾಳದವನು ಅದರ ಗೊಡವೆಗೆ ಹೋಗಲಾಗದು. ಸುಗಂಧರಾಜ, ಚೆಂಡುಹೂ, ಸೇವಂತಿಗೆ, ಮಲ್ಲಿಗೆ, ಕಾಕಡ, ಕನಕಾಂಬರ, ನೆಲ ಒಳ್ಳೆಯದಿದ್ದಲ್ಲಿ ಗುಲಾಬಿ, ಇವು ಈ ನಾಡಿಗೆ ಸಲ್ಲುವ ಹೂವುಗಳು. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇವುಗಳ ಉತ್ತಮ ತಳಿಗಳನ್ನು ಸಿದ್ಧಪಡಿಸಿದೆ.

ಉದಾಹರಣೆಗೆ ಸುಗಂಧರಾಜವನ್ನೇ ತೆಗೆದುಕೊಳ್ಳಬಹುದು. ಮೆಕ್ಸಿಕೋ ದೇಶದಿಂದ ಬಂದ ಈ ಗಡ್ಡೆಯ ಗಿಡವು ಈ ನಾಡಿನ ಬಿಸಿಲನ್ನು ಚೆನ್ನಾಗಿ ತಾಳುವದು. ಇದರಲ್ಲಿ ಒಂಟಿ ಎಸಳಿನದು, ಜೋಡಿ ಎಸಳಿನದು ಎಂದು ಎರಡು ಬಗೆ. ಒಂಟಿ ಎಸಳಿನ ಶೃಂಗಾರ, ಪ್ರಜ್ವಲ ತಳಿಗಳು ಬಿಡಿ ಹೂವಿಗೂ ಹಾರಕ್ಕೂ ಯೋಗ್ಯವಾದವು. ಜೋಡಿ ಎಸಳಿನ ಸುವಾಸಿನಿ, ವೈಭವ ತಳಿಗಳು ದಂಟುಸಹಿತ ಕೊಯ್ದು ಹೂದಾನಿಗೆ ಮಾರಲು ಯೋಗ್ಯವಾದವು. ಎರಡು ಬಗೆಯನ್ನೂ ಸ್ವಲ್ಪ ಸ್ವಲ್ಪ ಹಾಕಿದವನಿಗೆ ಒಂದು ಗಿರಾಕಿ ತಪ್ಪಿದರೆ ಇನ್ನೊಬ್ಬನಿರುವನು. ಎರಡೂವರೆ ಮೂರು ಸೆಂಟಿಮೀಟರು ದಪ್ಪದ, ರೋಗವಿಲ್ಲದ ಗಡ್ಡೆಗಳನ್ನು ಅಡಿಗೊಂದರಂತೆ ನಟ್ಟರೆ, ದಾರಿ ಬದುಗಳನ್ನು ಕಳೆದು ಹತ್ತು ಗುಂಟೆಗೆ ಸುಮಾರು 8,000 ಗಡ್ಡೆ ಹಿಡಿಯುವವು. ಸುಮಾರು ಮೂರು ತಿಂಗಳಿಗೆ ಹೂದಂಟು ಬರುವದು. ಅದೇ ಗಡ್ಡೆಯು ಎರಡು ಮೂರು ವರುಷ ಹೂ ಕೊಟ್ಟು, ಕಿತ್ತಾಗ ಮರಿಗಡ್ಡೆಗಳ ಸಂಸಾರವನ್ನೇ ಬಿಟ್ಟುಹೋಗುವದು. ಆ ಮರಿಗಳಲ್ಲಿ ದಪ್ಪಾದವುಗಳನ್ನು ಆರಿಸಿ ನೆರಳಿನಲ್ಲಿ ಒಣಗಿಸಿಟ್ಟು ಮರುನೆಡುವಿಕೆಗೂ ಮಾರಾಟಕ್ಕೂ ಉಪಯೋಗಿಸಬೇಕು. ಗಡ್ಡೆಯ ಮಾರಾಟವು ಹೂವಿನ ಮಾರಾಟದಷ್ಟೇ ಹಣವನ್ನು ತರುವ ವರುಷಗಳೂ ಉಂಟು.

ನೀರಿನ ತರುವಾಯ ದಿನದ ಲೆಕ್ಕ. ಜೋಳವನ್ನು ಹಗೇವಿನಲ್ಲಿಟ್ಟು ಒಳ್ಳೆಯ ಧಾರಣಿಗಾಗಿ ಕಾಯಬಹುದು. ಹೂವನ್ನು ಕಾಯಿಸಲು ಬಾರದು. ಹಬ್ಬದ ಹಿಂದಿನ ದಿನ ಚಿನ್ನದ ಬೆಲೆಗೆ ಹೋದ ಚೆಂಡುಹೂವು ಹಬ್ಬದ ಮರುದಿನ ದನದ ಮುಂದೆ ಬೀಳುವದನ್ನು ಎಲ್ಲರೂ ನೋಡಿರುವರು. ಅಗಿಮಡಿಯಲ್ಲಿ ಸುಮಾರು ಒಂದು ತಿಂಗಳು, ಹಚ್ಚಿದ ಮೇಲೆ ಸುಮಾರು ಎರಡು ತಿಂಗಳು ಎಂದು ಹಿಡಿದು, ಬೇಕಾದ ದಿನದಿಂದ ಹಿಂದಕ್ಕೆ 85-90 ದಿನ ಎಣಿಸಿ ಬೀಜ ಹಾಕಬೇಕು. ಕುಡಿ ಚಿವುಟಿದರೆ ಹೂವು ಸ್ವಲ್ಪ ತಡವಾಗುವದು, ಆದರೆ ಕವಲೊಡೆದು ಸಂಖ್ಯೆಯಲ್ಲಿ ಹೆಚ್ಚಾಗುವದು. ಆ ತಡವನ್ನೂ ಎಣಿಕೆಯಲ್ಲಿ ಸೇರಿಸತಕ್ಕದ್ದು. ಹಬ್ಬಗಳು ಇಂಗ್ಲಿಷ್ ತಾರೀಖಿಗೆ ಬರುವದಿಲ್ಲವೆಂಬದನ್ನು ಇಲ್ಲಿ ಮರೆಯಬಾರದು. ಗಣೇಶ ಚೌತಿಯು 2022ರಲ್ಲಿ ಆಗಸ್ಟ್ 31ಕ್ಕೆ ಬಂದಿತ್ತು. 2023ರಲ್ಲಿ ಅಧಿಕ ಶ್ರಾವಣವು ನಡುವೆ ಬಂದದ್ದರಿಂದ ಸೆಪ್ಟೆಂಬರ್ 18ಕ್ಕೆ ಹೋಯಿತು. ಹೋದ ವರುಷದ ತಾರೀಖನ್ನೇ ಹಿಡಿದು ಬೀಜ ಹಾಕಿದವನ ಹೂವು ಹಬ್ಬಕ್ಕಿಂತ ಹದಿನೆಂಟು ದಿನ ಮುಂಚೆ ಅರಳಿ ಉದುರುವದು. ಪಂಚಾಂಗವನ್ನು ಓದುವದು ಜೋಯಿಸರಿಗೆ ಮಾತ್ರ ಬೇಕಾದ ವಿದ್ಯೆಯೆಂದು ಹೂವಿನವನು ತಿಳಿಯಬಾರದು.

ಸೇವಂತಿಗೆಯಾದರೋ ಬೇರೆ ಪಂಚಾಂಗವನ್ನು ನಂಬಿರುವದು. ಅದು ರಾತ್ರಿಯ ಉದ್ದವನ್ನು ಅಳೆದು ಮೊಗ್ಗೆ ಬಿಡುವ ಗಿಡ. ದಿನಗಳು ಗಿಡ್ಡವಾಗಿ ರಾತ್ರಿಗಳು ಉದ್ದವಾದ ಹೊರತು ಅದಕ್ಕೆ ಹೂವಿನ ನೆನಪಾಗದು. ಆದುದರಿಂದ ಕಾರ್ತಿಕ ಮಾರ್ಗಶಿರಗಳಲ್ಲಿ ಅದು ತಾನಾಗಿ ಸುರಿಯುವದು. ಎಲ್ಲರ ಹೊಲದಲ್ಲಿಯೂ ಆಗಲೇ ಸುರಿಯುವದರಿಂದ ಧಾರಣಿಯೂ ಆಗಲೇ ಕುಸಿಯುವದು. ರಾತ್ರಿಯಲ್ಲಿ ಕೆಲವು ತಾಸು ದೀಪ ಹಚ್ಚಿ ಮೊಗ್ಗೆಯನ್ನು ತಡೆಹಿಡಿಯುವ ಉಪಾಯವನ್ನು ಬಲ್ಲವರು, ಇತರರ ಹೂವು ಮುಗಿದ ಮೇಲೆ ತಮ್ಮದನ್ನು ಪೇಟೆಗೆ ತರುವರು. ಆಷಾಢ, ಪುಷ್ಯಗಳಲ್ಲಿ ಮದುವೆಗಳಿಲ್ಲ, ಬೇಡಿಕೆಯು ತಗ್ಗುವದು. ಶ್ರಾವಣ ಸೋಮವಾರಗಳು, ಮಹಾನವಮಿ, ದೀಪಾವಳಿ, ಶಿವರಾತ್ರಿ, ಯುಗಾದಿ, ಊರೂರಿನ ಜಾತ್ರೆ, ಲಗ್ನಸರಾಯಿ ಇವು ಏರುವ ದಿನಗಳು. ಈ ಸೀಮೆಯಲ್ಲಿ ದರ್ಗಾಗಳ ಉರುಸು, ಮುಸಲ್ಮಾನ ಬಂಧುಗಳ ನಿಕಾಹದ ಸೆಹರಾ, ಹೂವಿನ ಚಾದರಗಳು ಸಹ ಹೂಗಾರನಿಗೆ ಅನ್ನ ಕೊಡುವವು. ಹೂವಿಗೆ ಜಾತಿಯಿಲ್ಲವೆಂಬದು ಹೂವಿನ ಪೇಟೆಯಲ್ಲಿ ದಿನವೂ ಕಾಣುವ ಮಾತು.

ಕೊಯ್ಲಿನ ಕ್ರಮದಲ್ಲಿಯೇ ಅರ್ಧ ಲಾಭವಡಗಿದೆ. ಸೂರ್ಯನು ಏರುವ ಮುಂಚೆ ಅಥವಾ ಸಂಜೆಯ ತಂಪಿನಲ್ಲಿ, ಹರಿತವಾದ ಸ್ವಚ್ಛ ಚಾಕುವಿನಿಂದ ದಂಟನ್ನು ಕೊಯ್ದು ಕೂಡಲೇ ಶುದ್ಧ ನೀರಿನಲ್ಲಿಡಬೇಕು. ಸುಗಂಧರಾಜವನ್ನು ಬುಡದ ಒಂದೆರಡು ಹೂ ಅರಳಿದಾಗ, ಗುಲಾಬಿಯನ್ನು ಬಿಗಿ ಮೊಗ್ಗೆಯಿದ್ದಾಗ ಕೊಯ್ಯುವದು ರೂಢಿ. ದಂಟಿನೊಳಗೆ ನೀರೇರುವ ಸೂಕ್ಷ್ಮ ನಾಳಗಳಿರುವವು; ಹೊಲಸು ನೀರಿನಲ್ಲಿ ಹುಟ್ಟಿದ ಸೂಕ್ಷ್ಮಜೀವಿಗಳು ಅವನ್ನು ಮುಚ್ಚಿದರೆ ಕೊಡದಲ್ಲಿ ನೀರಿದ್ದರೂ ಹೂವು ಬಾಯಾರಿ ಸಾಯುವದು. ಆದುದರಿಂದ ಬಕೀಟನ್ನು ದಿನವೂ ತಿಕ್ಕಿ ತೊಳೆಯುವವನ ಹೂವು ಎರಡು ದಿನ ಹೆಚ್ಚು ಬಾಳುವದು. ಮಾವು, ಬಾಳೆಗಳ ಹಣ್ಣಿಟ್ಟ ಕೋಣೆಯಲ್ಲಿ ಹೂವನ್ನಿಡಬಾರದು. ಹಣ್ಣು ಮಾಗುವಾಗ ಹೊರಬೀಳುವ ಎಥಿಲೀನ್ ಎಂಬ ವಾಯುವು ಹೂವನ್ನು ಬೇಗ ಮುದಿಯಾಗಿಸುವದು. ಈ ಕೆಲಸಗಳಲ್ಲಿ ಬಹುಪಾಲು ಹೆಣ್ಣುಮಕ್ಕಳ ಕೈಯಿಂದಲೇ ನಡೆಯುವವು. ನಸುಕಿನಲ್ಲಿ ಮೊಗ್ಗೆ ಬಿಡಿಸಿ, ಮನೆಗೆ ಬಂದು ಅಡಿಗೆ ಮಾಡಿ, ಮಧ್ಯಾಹ್ನ ಮಾರುಗಟ್ಟಲೆ ಮಾಲೆ ಕಟ್ಟುವ ತಾಯಿಯ ಕೂಲಿಯನ್ನು 'ಮನೆಯವಳ ಕೆಲಸ'ವೆಂದು ಲೆಕ್ಕದಿಂದ ಬಿಟ್ಟವನ ಲಾಭವು ಲಾಭವಲ್ಲ. ಅದು ಅವಳ ನಿದ್ರೆಯಿಂದ ಕದ್ದ ಹಣ.

ದುಡ್ಡಿನ ಲೆಕ್ಕಕ್ಕೆ ಒಂದು ಕಲ್ಪಿತ ದೃಷ್ಟಾಂತವನ್ನು ಕೊಡಬಹುದು. ಒಬ್ಬನು 100 ದಂಟು ಕೊಯ್ದನೆನ್ನಿರಿ. ಸೊಟ್ಟ ಗಿಡ್ಡವೆಂದು 8 ಹೋದವು. ದಾರಿಯಲ್ಲಿ 7 ಮುರಿದವು. ಸಂಜೆಗೆ 15 ಮಾರದೆ ಉಳಿದವು. ಮಾರಿದ್ದು 70. ದಂಟಿಗೆ ಎರಡು ರೂಪಾಯಿ ಖರ್ಚು ಬಿದ್ದಿದ್ದರೆ, ಎರಡೂವರೆ ರೂಪಾಯಿಗೆ ಮಾರಿ ಅರ್ಧ ರೂಪಾಯಿ ಉಳಿಯಿತೆಂದು ಅವನು ಹಿಗ್ಗುವನು. ನಿಜವಾಗಿ ಖರ್ಚು 200 ರೂಪಾಯಿ, ಬಂದದ್ದು 175. ಅವನು 25 ರೂಪಾಯಿಯನ್ನು ಕೈಯಿಂದ ಹಾಕಿ ಪೇಟೆಗೆ ಪರೋಪಕಾರ ಮಾಡಿ ಬಂದನು! ಆ 70 ದಂಟುಗಳೇ ನೂರರ ಭಾರವನ್ನು ಹೊರಬೇಕಾದುದರಿಂದ ಸುಮಾರು 2 ರೂಪಾಯಿ 86 ಪೈಸೆ ಬಂದರೆ ಅಸಲು. ಲಾಭವು ಅದರ ಮೇಲಿನ ಮಾತು. ಉದ್ರಿ ಕೊಟ್ಟದ್ದು ಮರಳಿ ಬಾರದಿದ್ದರೆ ಅದೂ ಕೆಟ್ಟ ಹೂವಿನ ಲೆಕ್ಕಕ್ಕೇ ಸೇರುವದು. ಕೊಯ್ದದ್ದು, ಕೆಟ್ಟದ್ದು, ಮಾರಿದ್ದು, ಉದ್ರಿ ಹೋದದ್ದು ಎಂಬ ನಾಲ್ಕು ಕಾಲಮುಗಳ ಪುಸ್ತಕವನ್ನು ದಿನವೂ ಬರೆಯುವದು ಹೂವಿನವನ ನಿತ್ಯನೇಮವಾಗಬೇಕು.

ಒಂದೇ ಪೇಟೆಯನ್ನು, ಒಬ್ಬನೇ ದಲಾಲನನ್ನು ನಂಬುವದೂ ಅಪಾಯಕರ. ರಾಯಚೂರು 1871ರಿಂದಲೂ ಮುಂಬಯಿ ಮದರಾಸುಗಳ ನಡುವಿನ ರೈಲುಹಾದಿಯ ಮೇಲಿರುವ ಊರು. ಹೈದರಾಬಾದಿನ ಗುಡಿಮಲ್ಕಾಪುರದ ಹೂವಿನ ಪೇಟೆಯೂ ಒಂದು ರಾತ್ರಿಯ ದಾರಿಯಲ್ಲಿಯೇ ಇದೆ. ಆದರೆ ದೂರದ ಪೇಟೆಗೆ ಸರಕು ಹೆಚ್ಚಾದಾಗ ಕಳಿಸಬೇಕೇ ಹೊರತು ಅದನ್ನೇ ಜೀವಾಧಾರ ಮಾಡಿಕೊಳ್ಳಬಾರದು. ಅಲ್ಲಿಯ ಬೆಲೆಯು ಇಲ್ಲಿಯವನ ಕೈಯಲ್ಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಂದಾದಾಗ ಗುಡಿಗಳ ಬಾಗಿಲು ಮುಚ್ಚಿ, ಮದುವೆಗಳು ನಿಂತು, ಕರ್ನಾಟಕದ ಅನೇಕ ಒಕ್ಕಲಿಗರು ಅರಳಿದ ಹೂವನ್ನು ಹೊಲದಲ್ಲಿಯೇ ಕಿತ್ತು ಚೆಲ್ಲಿದರು. ಹೂವೊಂದನ್ನೇ ನಂಬಿದವನಿಗೆ ಆಗ ಬೇರೆ ಕಾಲಿರಲಿಲ್ಲ.

ಆದುದರಿಂದಲೇ ಹೂವಿನ ಬೆಳೆಯೊಡನೆ ಉದ್ಯಾನ ರಚನೆಯ ಕಸಬನ್ನು ಕೂಡಿಸಿಕೊಳ್ಳುವದು ಹಿತವು. ಹೂವು ದಿನದ ರೊಕ್ಕವನ್ನು ತರುವದು, ಆದರೆ ಅದು ಅಸ್ಥಿರ. ಉದ್ಯಾನವು ಅಪರೂಪಕ್ಕೆ ಹಣ ತರುವದು, ಆದರೆ ಅದರ ಆರೈಕೆಯ ತಿಂಗಳ ಸಂಬಳವು ಸ್ಥಿರ. ಒಂದೇ ಅಗಿಮಡಿ, ಒಂದೇ ಗೊಬ್ಬರದ ಗುಂಡಿ, ಅವೇ ಆಳುಗಳು ಎರಡಕ್ಕೂ ಆಗುವರು. ರಾಯಚೂರು ನಗರದಲ್ಲಿ ಹೊಸ ಬಡಾವಣೆಗಳು, ಶಾಲೆಗಳು, ದವಾಖಾನೆಗಳು, ಕಚೇರಿಗಳು ಎದ್ದಿರುವವು. ಅವುಗಳ ಅಂಗಳವನ್ನು ಒಪ್ಪವಾಗಿಡಬಲ್ಲ ಕೈಗಳು ಕಡಿಮೆ.

ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪರಂಪರೆಯಿದೆ. ಹೈದರಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲಬಾಗಕ್ಕೆ 1908ರಲ್ಲಿ ಬಂದ ಕ್ರುಂಬಿಗಲ್ ಎಂಬ ಜರ್ಮನ್ ಉದ್ಯಾನತಜ್ಞನು 1932ರವರೆಗೆ ಮೈಸೂರು ಸಂಸ್ಥಾನದ ಸೇವೆ ಮಾಡಿ, 1956ರಲ್ಲಿ ಅದೇ ಊರಿನ ಮಣ್ಣು ಸೇರಿದನು. ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿ ನೆಡಿಸಿದ ಅವನ ಯುಕ್ತಿಯಿಂದ ಬೆಂಗಳೂರಿಗೆ ವರುಷವೆಲ್ಲ ಹೂವಿನ ಶೋಭೆ ಬಂದಿತು. ಬೆಂಗಳೂರಿನ ಮರಗಳನ್ನೇ ಇಲ್ಲಿ ತಂದು ನೆಟ್ಟರೆ ಬಿಸಿಲಿಗೆ ಒಣಗಬಹುದು. ಅವನ ಯುಕ್ತಿಯನ್ನು ಇಲ್ಲಿಗೆ ತರಬಹುದು. ಮಾಘ ಫಾಲ್ಗುಣಗಳಲ್ಲಿ ಮುತ್ತುಗ, ಚೈತ್ರದಲ್ಲಿ ಬೇವು ಹೊಂಗೆ, ವೈಶಾಖದಲ್ಲಿ ಕಕ್ಕೆ ಗುಲ್‌ಮೊಹರು, ಬೇಸಿಗೆಯುದ್ದಕ್ಕೂ ಮಲ್ಲಿಗೆ, ಮಳೆಗಾಲದ ಕೊನೆಗೆ ಪಾರಿಜಾತ, ಕಾರ್ತಿಕದ ಸುಮಾರಿಗೆ ಆಕಾಶಮಲ್ಲಿಗೆ, ನಡುನಡುವೆ ದಾಸವಾಳ ನಂದಿಬಟ್ಟಲುಗಳು ಇದ್ದರೆ ಈ ಬಿಸಿಲುನಾಡಿನ ಅಂಗಳವೂ ಬರಿದಾಗಿರದು. ಕಣಗಿಲೆಯು ನೀರಿಲ್ಲದೆ ಬಾಳುವ ಸುಂದರ ಗಿಡವಾದರೂ ವಿಷಕಾರಿಯಾದುದರಿಂದ ಮಕ್ಕಳು ಆಡುವಲ್ಲಿ, ದನ ಮೇಯುವಲ್ಲಿ ಅದನ್ನು ಹಚ್ಚತಕ್ಕದ್ದಲ್ಲ.

ಉದ್ಯಾನವನ್ನು ರಚಿಸುವವನು ಮೊದಲು ಗಿಡವನ್ನು ನೋಡದೆ ಸ್ಥಳವನ್ನು ನೋಡಬೇಕು: ನೀರು ಎಲ್ಲಿಂದ ಬರುವದು, ಮಳೆಯ ನೀರು ಎಲ್ಲಿ ನಿಲ್ಲುವದು, ಪಶ್ಚಿಮದ ಬಿಸಿಲು ಯಾವ ಗೋಡೆಗೆ ಬಡಿಯುವದು, ಜನ ಯಾವ ದಾರಿಯಲ್ಲಿ ನಡೆಯುವರು. ಪಡುವಣ ದಿಕ್ಕಿಗೆ ನೆರಳಿನ ಮರ, ನಡೆಯುವಲ್ಲಿ ದಾರಿ, ಕುಳಿತುಕೊಳ್ಳುವಲ್ಲಿ ಸುವಾಸನೆ ಎಂಬದು ಸ್ಥೂಲಸೂತ್ರ. ಶ್ರೀಮಂತರು ಸಿನಿಮಾದಲ್ಲಿ ನೋಡಿದ ಹುಲ್ಲುಹಾಸನ್ನು ಕೇಳುವರು. ಅವರಿಗೆ ಈ ಲೆಕ್ಕವನ್ನು ವಿನಯದಿಂದ ತೋರಿಸಬೇಕು: ಒಂದು ಗುಂಟೆಯ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 500 ಲೀಟರು ನೀರು ಬೇಕು. ಸರಕಾರದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ಎಂದು ಎಣಿಸಿದೆ. ಒಂಬತ್ತು ಜನರ ನೀರನ್ನು ಕುಡಿಯುವ ಹುಲ್ಲು ಈ ಸೀಮೆಗೆ ಭೂಷಣವಲ್ಲ. ಕೆಲಸವನ್ನು ಹಿಡಿಯುವಾಗ ಗಿಡಗಳ ಸಂಖ್ಯೆ, ಕೂಲಿ, ಮಣ್ಣು ಗೊಬ್ಬರದ ಖರ್ಚು, ಸತ್ತ ಗಿಡವನ್ನು ಬದಲಿಸುವ ಹೊಣೆ, ಆರೈಕೆಯ ತಿಂಗಳುಗಳು, ಹಣ ಕೊಡುವ ಕಂತುಗಳು ಇವೆಲ್ಲವನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಬೇಕು. ಬಾಯಿಮಾತಿನ ಕರಾರು ಸ್ನೇಹದಲ್ಲಿ ಹುಟ್ಟಿ ಜಗಳದಲ್ಲಿ ಮುಗಿಯುವದು.

ಮೂರು ಊರುಗಳು ಕೂಡಿದರೆ ಈ ಉದ್ಯೋಗವು ಇನ್ನೂ ಗಟ್ಟಿಯಾಗುವದು. ಮಾನವಿಯ ಕಡೆಯ ಕಾಲುವೆ ಭೂಮಿಯಲ್ಲಿ, ಸ್ವಂತ ಬಾವಿ ಅಥವಾ ಹೊಂಡವಿದ್ದವರು ಹಬ್ಬದ ಬಿಡಿ ಹೂವನ್ನೂ ದಂಟಿನ ಹೂವನ್ನೂ ಬೆಳೆಯಲಿ. ದೇವದುರ್ಗದ ಕಡೆಯ ಮಸಾರಿಯಲ್ಲಿ ಮಲ್ಲಿಗೆ, ಗಡ್ಡೆ, ಉದ್ಯಾನಕ್ಕೆ ಬೇಕಾದ ಅಗಿಗಳು ಬೆಳೆಯಲಿ. ರಾಯಚೂರಿನಲ್ಲಿ ಮಾರಾಟವೂ ಉದ್ಯಾನಗಳ ಕೆಲಸವೂ ನಡೆಯಲಿ. ಐದಾರು ಮನೆಗಳು ಸೇರಿ ಒಂದು ವಾಹನವನ್ನು, ಒಂದು ತಂಪು ಕೋಣೆಯನ್ನು, ಒಂದು ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡರೆ ಒಬ್ಬನಿಗೆ ಹೊರಲಾರದ ಖರ್ಚು ಆರು ಜನರಿಗೆ ಹಗುರವಾಗುವದು. ಬೇಸಿಗೆ ಬಂತೆಂದರೆ ಮನೆಗೆ ಕೀಲಿ ಹಾಕಿ, ಮುದುಕರನ್ನು ಹಿಂದೆ ಬಿಟ್ಟು, ಮಕ್ಕಳನ್ನು ಶಾಲೆ ಬಿಡಿಸಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವ ಸಂಸಾರಗಳು ಈ ಸೀಮೆಯಲ್ಲಿ ಇನ್ನೂ ಇರುವವು. ಹೂವಿನ ತೋಟವು ಅವರೆಲ್ಲರನ್ನೂ ಉಳಿಸುವದೆಂದು ಹೇಳುವದು ಅತಿಶಯೋಕ್ತಿಯಾಗುವದು. ಆದರೆ ನೀರಿದ್ದ ಹತ್ತು ಗುಂಟೆಯು ವರುಷವೆಲ್ಲ ದಿನವೂ ಕೆಲಸ ಕೊಡುವ ಬೆಳೆ ಹೂವಿನಷ್ಟು ಬೇರೊಂದಿಲ್ಲ. ಒಂದು ಊರಿನಲ್ಲಿ ನಾಲ್ಕು ಮನೆಯ ಕೀಲಿ ತೆರೆದಿದ್ದು, ನಾಲ್ಕು ಮನೆಯ ಮಕ್ಕಳು ಶಾಲೆಯಲ್ಲಿ ಕುಳಿತರೆ ಅದು ಅಲ್ಪವೇ?

ಬೆಳೆಯುವವನ ಧರ್ಮವನ್ನು ಇಷ್ಟು ಹೇಳಿದ ಮೇಲೆ ಕೊಳ್ಳುವವನ ಧರ್ಮವನ್ನು ಹೇಳದಿರುವದು ನ್ಯಾಯವಲ್ಲ. ಸಾವಿರಾರು ರೂಪಾಯಿ ಕೊಟ್ಟು ಮಂಟಪವನ್ನು ಕಟ್ಟಿಸಿ, ಅದಕ್ಕೆ ಪ್ಲಾಸ್ಟಿಕಿನ ಹೂವನ್ನು ಇಳಿಬಿಟ್ಟು, ದೇವರ ಮುಂದಿನ ಒಂದು ಮಾರು ಮಲ್ಲಿಗೆಗೆ ಮುದುಕಿಯೊಡನೆ ಐದು ರೂಪಾಯಿಗಾಗಿ ಕಾದಾಡುವ ಭಕ್ತಿಯು ಎಂಥದು? ಜಾತ್ರೆ ಉತ್ಸವಗಳ ಹೂವನ್ನು ತಿಂಗಳು ಮೊದಲೇ ಗೊತ್ತುಮಾಡಿ, ಮುಂಗಡವನ್ನು ಕೊಟ್ಟು, ಉಳಿದದ್ದನ್ನು ಅದೇ ದಿನ ರೊಕ್ಕವಾಗಿ ಸಲ್ಲಿಸಿದರೆ ಬೆಳೆಯುವವನು ದಿನವನ್ನೆಣಿಸಿ ಬೀಜ ಹಾಕುವನು. ಅವನ ಹೂವು ಕೆಡದು, ಉತ್ಸವಕ್ಕೂ ಕೊರತೆಯಾಗದು. ಪೂಜೆಯಾದ ನಿರ್ಮಾಲ್ಯವನ್ನು ಕೆರೆ ಕಾಲುವೆಗಳಿಗೆ ಎಸೆಯದೆ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿ ತೋಟಕ್ಕೆ ಮರಳಿಸಿದರೆ ಹೂವು ಮಣ್ಣಿಗೆ ತನ್ನ ಋಣವನ್ನು ತೀರಿಸಿದಂತಾಗುವದು. ಪ್ರತಿ ಮಠದ, ಪ್ರತಿ ಶಾಲೆಯ ಅಂಗಳದಲ್ಲಿ ಒಂದು ಬಿಲ್ವ, ಒಂದು ಪಾರಿಜಾತ, ನಾಲ್ಕು ಮಡಿ ಹೂವು ಇರಲಿ. ಅವುಗಳನ್ನು ನೋಡಿಕೊಳ್ಳುವವನಿಗೆ ತಿಂಗಳ ಸಂಬಳವು ತಪ್ಪದೆ ಸಲ್ಲಲಿ.

ಕಾಯಕವೆಂದರೆ ದುಡಿಮೆಯಷ್ಟೇ ಅಲ್ಲ, ಶುದ್ಧವಾದ ಲೆಕ್ಕವೂ ಹೌದು. ದಾಸೋಹವೆಂದರೆ ಕೊಡುವದಷ್ಟೇ ಅಲ್ಲ, ಕೊಟ್ಟವನ ಬೆವರಿಗೆ ಸಲ್ಲುವ ಬೆಲೆಯನ್ನು ಸಲ್ಲಿಸುವದೂ ಹೌದು. ಬೆಳೆಯುವವನು ನೀರನ್ನು ಅಳೆದು, ದಿನವನ್ನು ಎಣಿಸಿ, ಖರ್ಚನ್ನು ಬರೆದಿಟ್ಟು ಬೆಳೆಯಲಿ. ಕೊಳ್ಳುವವನು ಬೆಲೆಯನ್ನು ತಗ್ಗಿಸದೆ, ಉದ್ರಿಯನ್ನು ನಿಲ್ಲಿಸದೆ ಕೊಳ್ಳಲಿ. ಹಾಗಾದ ದಿನ ಲಿಂಗದ ಮೇಲೆ ಏರಿದ ಹೂವು ಯಾರ ಮನೆಯ ಕಣ್ಣೀರನ್ನೂ ಹೊತ್ತು ಬಂದಿರದು. ಅಂಥ ಹೂವು ಈ ಸೀಮೆಯ ಮನೆಮನೆಯ ಪೂಜೆಗೂ ಒದಗಲಿ.